ಹ್ಯಾಶ್ ಮೂಲಕ ಡೆಬಿಯನ್ ಪ್ಯಾಕೇಜ್ ಕಡತವನ್ನು ಗುರುತಿಸುವ ಬಗೆ

ಹಳೆಯ ಸರ್ವರೊಂದರ ಫೋಲ್ಡರಿನಲ್ಲಿ ಎಂದೋ ಯಾರೋ ಇಳಿಸಿಕೊಂಡಿದ್ದ ‘.ಡೆಬ್’ ಕಡತ (ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ತಂತ್ರಾಂಶವನ್ನು ಕಟ್ಟಿಕೊಡುವ ಪ್ಯಾಕೇಜ್) ಸಿಕ್ಕಾಗ ಅದರ ಹೆಸರಿನಲ್ಲಿರುವ ಆವೃತ್ತಿ ಸಂಖ್ಯೆಯನ್ನು ನಂಬಬಾರದು, ಏಕೆಂದರೆ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಕಡತದೊಳಗಿನ ಪ್ರತಿಯೊಂದು ಬೈಟನ್ನೂ ಲೆಕ್ಕಕ್ಕೆ ಹಿಡಿದು ಸಿದ್ಧವಾಗುವ ಎಸ್‌ಎಚ್‌ಎ-256 ಹ್ಯಾಶ್‌ಗೆ, ಅಂದರೆ ಕಡತದ ಬೆರಳಚ್ಚಿನಂತಿರುವ ಚಿಹ್ನೆಗಳ ಸಾಲಿಗೆ, ಹೆಸರಿನ ಹಂಗಿಲ್ಲ.

ಟರ್ಮಿನಲ್‌ನಲ್ಲಿ ‘ಎಸ್‌ಎಚ್‌ಎ256ಸಮ್’ ಆದೇಶದ ಮುಂದೆ ಕಡತದ ಹೆಸರನ್ನು ಕೊಟ್ಟರೆ 64 ಚಿಹ್ನೆಗಳ ಸಾಲೊಂದು ಬರುತ್ತದೆ. ಅದನ್ನು ಕಣ್ಣಳತೆಯಲ್ಲಿ ಹೋಲಿಸದೆ, ಪೂರ್ತಿಯಾಗಿ ನಕಲಿಸಿಕೊಂಡು, ಡೆಬಿಯನ್ ಪ್ಯಾಕೇಜುಗಳನ್ನು ನಿರ್ವಹಿಸುವ ‘ಆಪ್ಟ್’ ತಂದಿಟ್ಟುಕೊಂಡಿರುವ ‘ಪ್ಯಾಕೇಜಸ್’ ಪಟ್ಟಿಯಲ್ಲಿ, ಪಠ್ಯ ಹುಡುಕುವ ‘ಗ್ರೆಪ್’ ಆದೇಶದ ಮೂಲಕ ಹುಡುಕಬೇಕು. ಪಟ್ಟಿ ಸಂಕುಚಿತ ರೂಪದಲ್ಲಿದ್ದರೆ ಮೊದಲು ಬಿಡಿಸಿಕೊಳ್ಳಬೇಕು. ಹ್ಯಾಶ್ ಸಿಕ್ಕಿದರೆ, ಅದೇ ನಮೂದಿನ ಮೇಲಿನ ಸಾಲುಗಳಲ್ಲಿ ಪ್ಯಾಕೇಜಿನ ನಿಜವಾದ ಹೆಸರು ಮತ್ತು ಆವೃತ್ತಿ ಇರುತ್ತವೆ.

ಈ ಪಟ್ಟಿಯನ್ನೇ ಏಕೆ ನಂಬಬೇಕೆಂಬುದು ಇಲ್ಲಿನ ಮುಖ್ಯ ಪ್ರಶ್ನೆ. ‘ಪ್ಯಾಕೇಜಸ್’ ಪಟ್ಟಿಯ ಹ್ಯಾಶ್ ‘ಇನ್‌ರಿಲೀಸ್’ ಎಂಬ ಇನ್ನೊಂದು ಕಡತದಲ್ಲಿರುತ್ತದೆ. ಆ ಕಡತಕ್ಕೆ ಡೆಬಿಯನ್ ತನ್ನ ಕೀಲಿಯಿಂದ ಸಹಿ ಹಾಕಿರುತ್ತದೆ. ಆ ಸಹಿಯನ್ನು ಆಪ್ಟ್ ತಾನೇ ಪರೀಕ್ಷಿಸುತ್ತದೆ. ಡೌನ್‌ಲೋಡ್ ಪುಟದಲ್ಲಿ ಕಡತದ ಪಕ್ಕದಲ್ಲೇ ಬರೆದಿರುವ ಹ್ಯಾಶ್‌ಗೆ ಈ ಬಲವಿಲ್ಲ. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ತಿರುಚಿದ ಐಎಸ್‌ಒ ಕಡತದತ್ತ ತಿರುಗಿಸಿದ್ದರು. ಹಾಗೆ ಕೊಂಡಿಯನ್ನು ಬದಲಿಸಬಲ್ಲವರಿಗೆ ಪಕ್ಕದ ಹ್ಯಾಶ್ ಬದಲಿಸುವುದು ಕಷ್ಟವೇನಲ್ಲ.

ಪಟ್ಟಿಯಲ್ಲಿ ಸದ್ಯದ ಆವೃತ್ತಿಗಳಷ್ಟೇ ಇರುತ್ತವೆ. ಹಳೆಯದಕ್ಕೆ 2005ರಿಂದೀಚಿನ ಕಡತಗಳನ್ನು ಕಾಪಿಟ್ಟಿರುವ ಡೆಬಿಯನ್ ಸ್ನ್ಯಾಪ್‌ಶಾಟ್ ಸಂಗ್ರಹಕ್ಕೆ ಹೋಗಬೇಕು. ಅಲ್ಲಿ ಕಡತಗಳು ಎಸ್‌ಎಚ್‌ಎ-1 ಹ್ಯಾಶ್‌ನ ಮೇಲೆ ಸಿಗುವುದರಿಂದ, ‘ಎಸ್‌ಎಚ್‌ಎ1ಸಮ್’ ಕೊಡುವ 40 ಚಿಹ್ನೆಗಳನ್ನು ಬಳಸಬೇಕು. ಗೂಗಲ್ ಮತ್ತು ಆಮ್‌ಸ್ಟರ್‌ಡಾಮ್‌ನ ಸಿಡಬ್ಲ್ಯುಐ ಸಂಶೋಧಕರು 2017ರಲ್ಲಿ ಒಂದೇ ಎಸ್‌ಎಚ್‌ಎ-1 ಹ್ಯಾಶ್ ಇರುವ ಎರಡು ಬೇರೆಬೇರೆ ಪಿಡಿಎಫ್‌ಗಳನ್ನು ರಚಿಸಿ ತೋರಿಸಿರುವುದರಿಂದ, ಅದನ್ನು ಹುಡುಕಾಟಕ್ಕೆ ಮಾತ್ರ ಬಳಸಿ, ಹೆಸರು ತಿಳಿದ ಮೇಲೆ ಆ ಕಡತ ಸಂಗ್ರಹದಲ್ಲಿ ಕಾಣುವ ದಿನಾಂಕದ ‘ಪ್ಯಾಕೇಜಸ್’ ಪಟ್ಟಿಯಲ್ಲಿರುವ ಎಸ್‌ಎಚ್‌ಎ-256ರೊಂದಿಗೆ ತಾಳೆ ನೋಡುವುದು ಒಳ್ಳೆಯದು.

ತಾಳೆಯಾಯಿತೆಂದರೆ ಕಡತ ಯಾವುದೆಂದು ತಿಳಿಯಿತು, ಅಷ್ಟೇ. ಅದು ನಿರಪಾಯಕಾರಿ ಎಂದೇನೂ ಅಲ್ಲ. 2024ರ ಮಾರ್ಚ್‌ನಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗಲು ಅಡಗಿಸಿಟ್ಟ ದಾರಿ) ಪತ್ತೆಯಾದ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳು ಅಧಿಕೃತ ಬಿಡುಗಡೆಗಳೇ ಆಗಿದ್ದವು, ಅವುಗಳ ಹ್ಯಾಶ್‌ಗಳಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ.

ಎಲ್ಲಿಯೂ ಸಿಗದಿದ್ದರೆ ಮೊದಲು ಗಾತ್ರವನ್ನು ನೋಡಬೇಕು. ಪಟ್ಟಿಯಲ್ಲಿ ಅದೇ ಹೆಸರು, ಆವೃತ್ತಿಗೆ ನಮೂದಾದುದಕ್ಕಿಂತ ಚಿಕ್ಕದಿದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿರುವ ಸಂಭವವೇ ಹೆಚ್ಚು. ಯಾರಾದರೂ ಪ್ಯಾಕೇಜನ್ನು ಬಿಚ್ಚಿ ಮತ್ತೆ ಕಟ್ಟಿದ್ದರೆ, ಒಳಗಿನ ಪ್ರೋಗ್ರಾಂ ಅದೇ ಆಗಿದ್ದರೂ, ಸಮಯದ ಗುರುತು ಬದಲಾದ ಮಾತ್ರಕ್ಕೆ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆಗ ಅದೇ ಆವೃತ್ತಿಯ ಅಧಿಕೃತ ಪ್ಯಾಕೇಜನ್ನು ತಂದು, ಎರಡನ್ನೂ ‘ಡಿಪಿಕೆಜಿ-ಡೆಬ್’ ಮೂಲಕ ಇನ್‌ಸ್ಟಾಲ್ ಮಾಡದೆಯೇ ಬೇರೆಬೇರೆ ಫೋಲ್ಡರುಗಳಿಗೆ ಬಿಚ್ಚಿ, ಒಳಗಿನ ಒಂದೊಂದು ಕಡತದ ಹ್ಯಾಶನ್ನೂ ಹೋಲಿಸಬೇಕು. ಇನ್‌ಸ್ಟಾಲ್ ಸಮಯದಲ್ಲಿ ರೂಟ್ ಅಧಿಕಾರದಲ್ಲಿ (ವ್ಯವಸ್ಥೆಯ ಪೂರ್ಣ ಅಧಿಕಾರದಲ್ಲಿ) ಓಡುವ ಸ್ಕ್ರಿಪ್ಟುಗಳು ಇರುವುದು ಪ್ಯಾಕೇಜಿನ ‘ಕಂಟ್ರೋಲ್’ ಎಂಬ ನಿಯಂತ್ರಣ ಭಾಗದಲ್ಲಿ; ಆದ್ದರಿಂದ ಅದನ್ನು ಬಿಚ್ಚಿ ನೋಡುವುದನ್ನು ಮರೆಯಬಾರದು.