ಒಂದು ರಾತ್ರಿಯ ಬಿಡಾರಕ್ಕೆ ಕಂಬಳಿ ಗಂಟು ಕಟ್ಟುವುದು ಹೇಗೆ?

ಡಿಸೆಂಬರ್ ಬಂತೆಂದರೆ ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಬಸ್ಸುಗಳಲ್ಲಿ ಆಳೆತ್ತರದ ಬ್ಯಾಗ್ ಹೊತ್ತವರು ಕಾಣಿಸುತ್ತಾರೆ. ಒಂದೇ ಒಂದು ರಾತ್ರಿ ಬಯಲಲ್ಲಿ ಮಲಗಲು ಹೊರಟವರು. ಬ್ಯಾಗಿನೊಳಗೆ ಮಡಚುವ ಕುರ್ಚಿ, ಮೂರು ನಮೂನೆ ಚಾಕು, ಗ್ಯಾಸ್ ಒಲೆ, ಕಿಡಿ ಬಿದ್ದರೆ ಕರಗಿ ತೂತಾಗುವ ಸ್ಲೀಪಿಂಗ್ ಬ್ಯಾಗ್. ಇನ್ನೊಂದು ಪಂಗಡವೂ ಇದೆ. ಅವರು ಕಾಡಿನಲ್ಲಿ ಕಡಿಮೆ ಸಾಮಾನಿನಲ್ಲಿ ಬದುಕುವುದನ್ನು ತೋರಿಸುವ ಬುಷ್‌ಕ್ರಾಫ್ಟ್ ವಿಡಿಯೊ ನೋಡಿ, ಹಳೇ ಕಾಲದವರ ಹಾಗೇ ಹೋಗೋಣ ಎಂದು ಕಂಬಳಿಯನ್ನು ಸುಮ್ನೆ ಸುತ್ತಿ ಹೆಗಲಿಗೇರಿಸುತ್ತಾರೆ. ಎರಡು ಮೈಲಿ ನಡೆಯುವಷ್ಟರಲ್ಲಿ ಗಂಟು ಬಿಚ್ಚಿಕೊಂಡು ಲೋಟ, ಟಾರ್ಚು, ಚಡ್ಡಿ ಎಲ್ಲ ದಾರಿಯುದ್ದಕ್ಕೂ ಉದುರುತ್ತವೆ. ಈ ಬರಹ ಎರಡನೆಯವರಿಗಾಗಿ. ಮೊದಲನೆಯವರು ತಮ್ಮ ಕುರ್ಚಿಯಲ್ಲಿ ಕೂತು ಓದಬಹುದು.

1. ಮೊದಲು ಜಾಗ ಕೇಳಿ

ಮೀಸಲು ಅರಣ್ಯಕ್ಕೆ ನುಗ್ಗಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಡಿಕೆ ತೋಟದವರು ಸೊಪ್ಪು ತರುವ ಸೊಪ್ಪಿನ ಬೆಟ್ಟವೂ ಅವರ ಸ್ವಂತ ಜಮೀನಲ್ಲ. ಪರಿಚಯದವರ ತೋಟದ ಅಂಚು, ಕೊಯ್ಲು ಮುಗಿದ ಗದ್ದೆ, ಹಳೇ ಕಣ, ಇಷ್ಟು ಸಾಕು. ಮನೆಯವರನ್ನು ಕೇಳಿಯೇ ಹೋಗಿ.

2. ಕಂಬಳಿ ಆರಿಸಿ

ಬೇಕಾದದ್ದು ಕುರಿ ಉಣ್ಣೆಯ ಕರಿ ಕಂಬಳಿ. ಚಳ್ಳಕೆರೆ ಕಡೆಯದು, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯದು ಹೆಸರಾದವು. ದಖ್ಖನಿ ಕುರಿಯ ಉಣ್ಣೆ ಒರಟು. ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಹಾಗಾಗಿ ಹೊಸ ಕಂಬಳಿ ಬಿರುಸಾಗಿರುತ್ತದೆ, ಮೈಗೆ ಚುಚ್ಚುತ್ತದೆ. ಚುಚ್ಚಲಿ ಬಿಡಿ, ಒಳಗೊಂದು ಪಂಚೆ ಹೊದ್ದರಾಯಿತು. ಒದ್ದೆಯಾದರೂ ಬೆಚ್ಚಗಿಡುತ್ತದೆ, ಕಿಡಿ ಬಿದ್ದರೆ ಉರಿದುಹೋಗುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡು ಓಡಾಡಬಹುದು. ಯಾವ ಜಾಕೆಟ್ ಇಷ್ಟು ಕೆಲಸ ಮಾಡುತ್ತದೆ ಹೇಳಿ?

ಸಂತೆಯಲ್ಲಿ ‘ಪಕ್ಕಾ ಉಣ್ಣೆ’ ಎಂದು ಅಕ್ರಿಲಿಕ್ ಮಾರುವವರು ಜಾಸ್ತಿ. ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅದನ್ನು ಬೆಂಕಿಯ ಹತ್ತಿರ ತರಲೇಬೇಡಿ. ಎಳೆ ಕೀಳಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

3. ಹಾಸಿಗೆಗೆ ಖಾಲಿ ಗೋಣಿಚೀಲ

ವಿಡಿಯೊಗಳಲ್ಲಿ ತರಗೆಲೆ ಗುಡ್ಡೆ ಹಾಕಿ ಅದರ ಮೇಲೆ ಮಲಗುತ್ತಾರಲ್ಲ, ಅದು ಅವರ ದೇಶಕ್ಕೆ ಸರಿ. ಮಲೆನಾಡಿನಲ್ಲಿ ಬೇಡವೇ ಬೇಡ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ರಕ್ತ ಹೀರುವ ಹುಳ, ಉಣುಗು. ಒಣ ತಿಂಗಳುಗಳಲ್ಲಿ ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ಉಣುಗುಗಳು ತರಗೆಲೆಯಲ್ಲೇ ಕಾದಿರುತ್ತವೆ. ನಮಗೆ ಬಿಡಾರಕ್ಕೆ ಹಿತವಾದ ಕಾಲವೂ ಅದೇ, ಕಾಯಿಲೆಯ ಕಾಲವೂ ಅದೇ. ಸುತ್ತಮುತ್ತ ಮಂಗ ಸತ್ತಿದೆಯಾ ಎಂದು ಊರವರನ್ನು ವಿಚಾರಿಸಿ. ಸತ್ತಿದೆ ಎಂದರೆ ಬ್ಯಾಗು ಬಿಚ್ಚದೆ ವಾಪಸ್ ಹೋಗಿ. ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಸಿಕ್ಕರೆ ಉಣುಗು ಹತ್ತದಂತೆ ಕಾಲು ಕೈಗೆ ಹಚ್ಚಿಕೊಳ್ಳಿ.

ತರಗೆಲೆಯ ಬದಲು ಎರಡು ಖಾಲಿ ಗೋಣಿಚೀಲ ಒಯ್ಯಿರಿ. ಅಲ್ಲಿ ಯಾರದಾದರೂ ಹುಲ್ಲಿನ ಬಣವೆಯಿಂದ ಕೇಳಿ ಭತ್ತದ ಹುಲ್ಲು ತುಂಬಿಸಿದರೆ ಹಾಸಿಗೆ ತಯಾರು. ಬೆಳಿಗ್ಗೆ ಹುಲ್ಲನ್ನು ಕೊಟ್ಟಿಗೆಗೆ ವಾಪಸ್ ಹಾಕಿ.

4. ಗಂಟು ಸುತ್ತುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ. ಸಾಧ್ಯವಾದರೆ ಇಬ್ಬರು ಸೇರಿ ಮಾಡಿ.

ಕಂಬಳಿಯನ್ನು ಜಗಲಿಯ ಮೇಲೆ ಪೂರ್ತಿ ಹಾಸಿ. ಉದ್ದ ಹಾಗೇ ಇರಲಿ, ಅಗಲವನ್ನು ಮಾತ್ರ ಅರ್ಧಕ್ಕೆ ಮಡಚಿ. ಈಗ ಆಳುದ್ದದ, ಕಿರಿದಾದ ಪಟ್ಟಿ ಸಿಗುತ್ತದೆ. ಉದ್ದದ ಒಂದು ಅಂಚಿನ ಮುಂದೆ ಕುಳಿತುಕೊಳ್ಳಿ.

ನಿಮ್ಮ ಕಡೆಯ ಅಂಚಿನಲ್ಲಿ ಗೋಣಿಚೀಲ, ಪಂಚೆ, ಒಂದು ಅಂಗಿ, ಮಡಚಿದ ತೆಳು ತಾಡಪಾಲು, ಇವನ್ನು ಚಪ್ಪಟೆಯಾಗಿ ಸಾಲಾಗಿ ಜೋಡಿಸಿ. ಮೆತ್ತನೆ ಸಾಮಾನು ಮಾತ್ರ. ಲೋಟ, ಟಾರ್ಚು, ಡಬ್ಬಿ ಇದರೊಳಗೆ ಹೋಗಬಾರದು. ಅವುಗಳ ಜಾಗ ಜೋಳಿಗೆ. ಎರಡೂ ತುದಿಯಲ್ಲಿ ಒಂದೊಂದು ಗೇಣು ಖಾಲಿ ಬಿಡಿ. ನಟ್ಟನಡುವೆ ಒಂದು ಮೊಳ ಖಾಲಿ ಬಿಡಿ, ಯಾಕೆಂದರೆ ಹೆಗಲ ಮೇಲೆ ಕೂರುವುದು ಆ ಭಾಗ. ಅಲ್ಲಿ ಅಂಗಿಯ ಗುಂಡಿ ಇದ್ದರೂ ಒಂದು ಗಂಟೆ ನಡೆದ ಮೇಲೆ ಗೊತ್ತಾಗುತ್ತದೆ. ಭಾರ ಎಡಕ್ಕೂ ಬಲಕ್ಕೂ ಸಮ ಇರಲಿ.

ಈಗ ಖಾಲಿ ಬಿಟ್ಟ ಎರಡು ತುದಿಗಳನ್ನು ಸಾಮಾನಿನ ಮೇಲೆ ಒಳಕ್ಕೆ ಮಡಚಿ. ಪತ್ರೊಡೆಗೆ ಕೆಸುವಿನ ಎಲೆಯ ಅಂಚು ಮಡಚಿಕೊಳ್ಳುವುದಿಲ್ಲವೇ, ಹಾಗೆ. ಈ ಒಂದು ಮಡಿಕೆ ಇಲ್ಲದ್ದಕ್ಕೇ ಹೆಚ್ಚಿನವರ ಸಾಮಾನು ತುದಿಯಿಂದ ಜಾರಿ ಬೀಳುವುದು.

ಆಮೇಲೆ ಎದುರಿನ ಅಂಚು. ಅದನ್ನು ಒಂದು ಗೇಣಿನಷ್ಟು ನಿಮ್ಮ ಕಡೆಗೆ ಮಡಚಿಡಿ. ನಿಮ್ಮತ್ತ ಬಾಯಿ ತೆರೆದ ಜೇಬಿನಂಥದ್ದು ಆಗುತ್ತದೆ. ಅದನ್ನು ಮುಟ್ಟದೆ, ನಿಮ್ಮ ಕಡೆಯಿಂದ ಸುತ್ತಲು ಶುರು ಮಾಡಿ. ಕೈಯಲ್ಲಿ ಸುತ್ತಿದರೆ ಸಾಲದು. ಪ್ರತಿ ಸುತ್ತಿಗೂ ಮಂಡಿಯೂರಿ ಮೈಭಾರ ಹಾಕಿ ಒತ್ತಬೇಕು. ಇಬ್ಬರಿದ್ದರೆ ಒಬ್ಬರು ಎದುರಿನ ಅಂಚನ್ನು ಎಳೆದು ಹಿಡಿಯಲಿ. ನಡುವೆ ಎಲ್ಲಾದರೂ ಸಡಿಲ ಕಂಡರೆ ಬಿಚ್ಚಿ ಮತ್ತೆ ಸುತ್ತಿ. ಕೊನೆಗೆ ಹಗ್ಗದಲ್ಲಿ ಬಿಗಿದರಾಯಿತು ಎನ್ನುವವರ ಗಂಟು ನಡುದಾರಿಯಲ್ಲಿ ಬಿಚ್ಚದೇ ಉಳಿಯುವುದಿಲ್ಲ.

ಸುರುಳಿ ಆ ಜೇಬಿನ ಬಾಯಿಗೆ ಬಂದಾಗ ಅದನ್ನು ಒಳಕ್ಕೆ ತೂರಿಸಿ, ಜೇಬಿನ ಅಂಚನ್ನು ಸುರುಳಿಯ ಮೇಲೆ ಎಳೆದು ಬಿಗಿ ಮಾಡಿ. ಸರಿಯಾಗಿ ಕೂತರೆ ಹಗ್ಗವಿಲ್ಲದೆಯೂ ಎತ್ತಿ ಅಲ್ಲಾಡಿಸಬಹುದು. ಅಲ್ಲಾಡಿಸಿಯೇ ನೋಡಿ.

ಇನ್ನು ಹಗ್ಗ. ತೆಂಗಿನ ನಾರಿನದು ಒರಟು, ಕತ್ತು ಉಜ್ಜಿ ಕೆಂಪಾಗುತ್ತದೆ. ನೈಲಾನ್ ಜಾರುತ್ತದೆ. ಪುಂಡಿ ನಾರಿನದು ಅಥವಾ ದಪ್ಪ ಹತ್ತಿಯದು ತನ್ನಿ. ನಾಲ್ಕು ಕಡೆ ಕಟ್ಟು ಸಾಕು: ಎರಡು ತುದಿಗೆ ಎರಡು, ತುದಿ ಮತ್ತು ನಡುವಿನ ಮಧ್ಯೆ ಒಂದೊಂದು. ನಟ್ಟನಡುವೆ ಕಟ್ಟಬೇಡಿ. ಎಲ್ಲವೂ ಒಂದೇ ಎಳೆತಕ್ಕೆ ಬಿಚ್ಚುವ ಕುಣಿಕೆ ಆಗಿರಲಿ. ಇಬ್ಬನಿಗೆ ಉಬ್ಬಿದ ಹತ್ತಿ ಹಗ್ಗದ ಕಗ್ಗಂಟನ್ನು ಚಳಿಯಲ್ಲಿ ಸೆಟೆದ ಬೆರಳು ಬಿಡಿಸಲಾರದು.

ಸುರುಳಿಯನ್ನು ಬಗ್ಗಿಸಿ ಎರಡು ತುದಿ ಸೇರಿಸಿ ಕಟ್ಟಿ. ಬಲಗೈಯವರು ಬಲ ಹೆಗಲಿಗೆ ಹಾಕಿಕೊಳ್ಳಿ, ತುದಿಗಳ ಕಟ್ಟು ಎಡ ಸೊಂಟಕ್ಕೆ ಬರಲಿ. ಬಲ ಸೊಂಟ ಕತ್ತಿ ಸಿಕ್ಕಿಸಲು ಬೇಕು. ಮನೆ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿಯಿರಿ. ಏನೂ ಜಾರದಿದ್ದರೆ ಮುಂದಿನದಕ್ಕೆ ಹೋಗಿ.

5. ಕತ್ತಿ

ಒಂದೇ ಕತ್ತಿ. ಲಾರಿಯ ಹಳೇ ಕಮಾನು ಪಟ್ಟಿಯಿಂದ ಊರ ಕಮ್ಮಾರ ಬಡಿದದ್ದಾದರೆ ಒಳ್ಳೆಯದು. ಹೊಳೆಯುವ ಸ್ಟೀಲಿನದು, ಹಿಡಿಕೆಯೊಳಗೆ ದಿಕ್ಸೂಚಿ ಇರುವಂಥದ್ದು ಶೋಕಿಗೆ ಮಾತ್ರ. ಹಿಡಿಕೆ ಟೊಳ್ಳಾದಷ್ಟೂ ಮುರಿಯುವುದು ಬೇಗ. ಮಲೆನಾಡಿನವರು ಸೊಂಟಕ್ಕೆ ಕಟ್ಟುವ ಕೊಕ್ಕೆ ಇದ್ದರೆ ಅದರಲ್ಲೇ ಸಿಕ್ಕಿಸಿ. ಕೊಡವರ ತೊಡಂಗ್ ಎಂಬ ಕೊಕ್ಕೆ ಬೆನ್ನ ಹಿಂದೆ ಒಡಿಕತ್ತಿ ಎಂಬ ಅಗಲ ಕತ್ತಿಯನ್ನು ಹಿಡಿಯುವುದೂ ಇದೇ ಉಪಾಯ, ಎರಡೂ ಕೈ ಖಾಲಿ ಇರುತ್ತವೆ. ಬಸ್ಸಿನಲ್ಲಿ ಮಾತ್ರ ಗೋಣಿ ಸುತ್ತಿ ಜೋಳಿಗೆಯ ತಳಕ್ಕೆ ಹಾಕಿ.

6. ಬೆಂಕಿ ಡಬ್ಬಿ

ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯೊಂದು. ಅದರಲ್ಲಿ ಬೆಂಕಿಪೊಟ್ಟಣ ಇರಲೇಬೇಕು. ಚಕಮಕಿ ಕಲಿಯುವವರೂ ತರಬೇಕು, ನಾಚಿಕೆ ಬೇಡ. ಚಕಮಕಿಗೆ ಬೆಣಚು ಕಲ್ಲಿನ ಚೂಪು ಚೂರು, ಮುರಿದ ಅರದ ತುಂಡು, ಜೊತೆಗೆ ಕಿಡಿ ಹಿಡಿಯಲು ಕರಿಬಟ್ಟೆ. ಕರಿಬಟ್ಟೆ ಮಾಡುವುದು ಸುಲಭ. ಹಳೇ ಹತ್ತಿ ಪಂಚೆಯ ಚೂರುಗಳನ್ನು ತಗಡಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಮಾಡಿ, ಕೆಂಡದ ಮೇಲಿಡಿ. ತೂತಿನಿಂದ ಹೊಗೆ ನಿಂತ ಮೇಲೆ ತೆಗೆದು ಪೂರ್ತಿ ತಣಿಯಲು ಬಿಡಿ. ಬಿಸಿ ಇರುವಾಗ ತೆರೆದರೆ ಗಾಳಿ ತಾಗಿ ಎಲ್ಲ ಬೂದಿ. ಬೈನೆ ಮರದ ಎಲೆಬುಡದ ನವಿರು ಹೊಟ್ಟೂ ಕಿಡಿ ಹಿಡಿಯುತ್ತದೆ.

ಕರ್ಪೂರ ತರುವವರಿದ್ದಾರೆ. ಬೇಗ ಹೊತ್ತುತ್ತದೆ ನಿಜ, ಆದರೆ ಜೋಳಿಗೆಯ ಅವಲಕ್ಕಿಯೆಲ್ಲ ದೇವರ ಮನೆಯ ವಾಸನೆ ಹೊಡೆಯುತ್ತದೆ. ಗ್ರಂದಿಗೆ ಅಂಗಡಿಯ ರಾಳದ ಒಂದು ಉಂಡೆ ತನ್ನಿ. ಒದ್ದೆ ಚಕ್ಕೆಯನ್ನೂ ಹೊತ್ತಿಸುತ್ತದೆ. ಸೀಮೆಎಣ್ಣೆ ತಂದವರನ್ನು ಅಡುಗೆಯಿಂದ ದೂರ ಕೂರಿಸಿ.

7. ಜೋಳಿಗೆ

ಅವಲಕ್ಕಿ, ಬೆಲ್ಲ, ಉಪ್ಪು, ನಾಲ್ಕು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಒಂದು ಸಣ್ಣ ಪಾತ್ರೆ, ಲೋಟ, ಟಾರ್ಚು.

ನೀರಿಗೆ ಒಂಟಿ ಪದರದ ಸ್ಟೀಲ್ ಬಾಟಲಿ. ಮುಚ್ಚಳ ತೆಗೆದು ಕೆಂಡದ ಮೇಲಿಟ್ಟೇ ನೀರು ಕುದಿಸಬಹುದು. ಎರಡು ಪದರದ ಥರ್ಮಾಸ್ ಫ್ಲಾಸ್ಕನ್ನು ಹಾಗೆ ಇಟ್ಟೀರಿ ಮತ್ತೆ, ಸಿಡಿಯುತ್ತದೆ. ಸೋರೆಬುರುಡೆ ಸಿಕ್ಕರೆ ಚಂದ, ಆದರೆ ಅದನ್ನು ಒಲೆಗಿಡಲು ಬರುವುದಿಲ್ಲ. ಉಂಬಳ (ಕಾಡಿನ ಜಿಗಣೆ) ಇನ್ನೂ ಉಳಿದಿರುವ ಒದ್ದೆ ಜಾಗವಾದರೆ ಚಿಟಿಕೆ ಹೊಗೆಸೊಪ್ಪು, ಸುಣ್ಣ.

ವಾಪಸ್ ಬಂದ ಮೇಲೆ

ಗಂಟನ್ನು ಮನೆಯೊಳಗೆ ತರಬೇಡಿ. ಅಂಗಳದಲ್ಲೇ ಬಿಚ್ಚಿ, ಕೊಡವಿ, ಕಂಬಳಿಯ ಅಂಚಿನ ಹೊಲಿಗೆಯಲ್ಲಿ ಉಣುಗು ಕೂತಿದೆಯಾ ನೋಡಿ. ಸ್ನಾನದ ಮೊದಲು ನಿಮ್ಮ ಕಂಕುಳು, ಮಂಡಿಯ ಹಿಂಭಾಗವನ್ನೂ ನೋಡಿಕೊಳ್ಳಿ. ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಂಚಿನಲ್ಲಿ ಮಲಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಕಂಬಳಿಗೆ ಒಂದು ಪೂರ್ತಿ ದಿನ ಬಿಸಿಲು ಸಾಕು. ವಾಷಿಂಗ್ ಮೆಷಿನ್‌ಗೆ ಹಾಕಿದರೆ ಕುಗ್ಗಿ ಮಗುವಿನ ಅಳತೆಗೆ ಬರುತ್ತದೆ. ಒಣಗಿದ ಮೇಲೆ ಬೇವಿನ ಎಲೆ ಹಾಕಿ ಮಡಚಿಡಿ, ಸುತ್ತಿ ಇಡಬೇಡಿ.