ಡ್ರೈವರ್ ಕಿತ್ತುಹಾಕುವ ಮುಂಚೆ: ಹೊಸ ಮಾನಿಟರಿನಲ್ಲಿ ಚಿತ್ರ ಸರಿಯಾಗಿ ಬರಿಸುವುದು ಹೇಗೆ?

ಹೊಸ ಮಾನಿಟರ್ ಅಥವಾ ಟೀವಿಯನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತೀರಿ. ಅಕ್ಷರಗಳು ಮಬ್ಬಾಗಿ ಕಾಣುತ್ತವೆ. ಸೆಟ್ಟಿಂಗ್ಸ್ ತೆರೆದರೆ ರೆಸಲ್ಯೂಷನ್ (ಪರದೆಯ ಚುಕ್ಕಿಗಳ ಲೆಕ್ಕ) 1024×768ಕ್ಕಿಂತ ಮೇಲಿನ ಆಯ್ಕೆಯೇ ಇಲ್ಲ. ಇಲ್ಲವೇ 4ಕೆ ಬರುತ್ತದೆ, ಆದರೆ 30 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 30 ಚಿತ್ರ ಮಾತ್ರ, ಮೌಸ್ ಎಳೆದರೆ ತಡವರಿಸುತ್ತದೆ. ಆಗ ಬಹಳಷ್ಟು ಜನ ಮಾಡುವ ಮೊದಲ ಕೆಲಸ, ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ) ಕಿತ್ತುಹಾಕುವುದು. ಆಮೇಲೆ ಯಾವುದೋ ಹೊಸದನ್ನು ಹಾಕುತ್ತಾರೆ, ಅದೂ ಸರಿಬರಲಿಲ್ಲವೆಂದು ಹಳೆಯದನ್ನು ಹುಡುಕುತ್ತಾರೆ. ಮೂರು ಗಂಟೆ ಕಳೆದ ಮೇಲೆ ತಪ್ಪು ಕೇಬಲ್ಲಿನದ್ದು ಅಂತ ಗೊತ್ತಾಗುತ್ತದೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಡ್ರೈವರ್ ತಾನಾಗಿ ಏನನ್ನೂ ಊಹಿಸುವುದಿಲ್ಲ. ಒಂದು ಕಡೆ ಗ್ರಾಫಿಕ್ಸ್ ಚಿಪ್ಪು, ಇನ್ನೊಂದು ಕಡೆ ಮಾನಿಟರು, ನಡುವೆ ಕೇಬಲ್ಲು. ಮೂರೂ ಒಪ್ಪುವಂಥದ್ದನ್ನು ಮಾತ್ರ ಅದು ನಿಮ್ಮ ಮುಂದೆ ಇಡುತ್ತದೆ. ಹಾಗಾಗಿ ಯಾರು ಏನು ಹೇಳಿದರು ಅಂತ ಮೊದಲು ಕೇಳೋಣ. ಡ್ರೈವರಿಗೆ ಕೈ ಹಾಕುವುದು ಕೊನೆಗೆ.

ಹಂತ 1: ತಂತಿ ನೋಡಿ

ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಚ್ಚಿ ಮತ್ತೆ ಗಟ್ಟಿಯಾಗಿ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ ಅದು ಗ್ರಾಫಿಕ್ಸ್ ಕಾರ್ಡಿನ ಪೋರ್ಟಿನಲ್ಲೇ ಇದೆಯೇ, ತಪ್ಪಿ ಮದರ್‌ಬೋರ್ಡಿನದ್ದಕ್ಕೆ ಹೋಗಿದೆಯೇ ನೋಡಿ. ಒಮ್ಮೆ ರೀಸ್ಟಾರ್ಟ್ ಮಾಡಿ.

ಹಂತ 2: ಈಗ ಯಾವ ಡ್ರೈವರ್ ಓಡುತ್ತಿದೆ?

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು 'ಡಿಸ್‌ಪ್ಲೇ ಅಡಾಪ್ಟರ್ಸ್' ಬಿಡಿಸಿ. ಅಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ನಿಜವಾದ ಡ್ರೈವರ್ ಇಲ್ಲವೆಂದೇ ಅರ್ಥ. ಕಂಪ್ಯೂಟರ್ ಶುರುವಾಗುವಾಗ ಫರ್ಮ್‌ವೇರ್ (ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಹಾಕಿಕೊಟ್ಟ ಚಿತ್ರವನ್ನೇ ವಿಂಡೋಸ್ ಹೇಗೋ ನಡೆಸಿಕೊಂಡು ಹೋಗುತ್ತಿದೆ. ಹೀಗಿದ್ದರೆ ನೇರವಾಗಿ ಹಂತ 6ಕ್ಕೆ ಹೋಗಿ.

ಚಿಪ್ಪಿನ ಹೆಸರಿದ್ದರೆ ಅದರ ಮೇಲೆ ಎರಡು ಸಲ ಒತ್ತಿ, 'ಡೀಟೇಲ್ಸ್'ನಲ್ಲಿ 'ಹಾರ್ಡ್‌ವೇರ್ ಐಡಿಸ್' ಆರಿಸಿ. ಒಂದು ಉದ್ದದ ಸಾಲು ಕಾಣುತ್ತದೆ. ಅದರಲ್ಲಿ ಮೊದಲು ತಯಾರಕರ ಗುರುತು, ಆಮೇಲೆ ಚಿಪ್ಪಿನ ಗುರುತು. 8086 ಎಂದಿದ್ದರೆ ಇಂಟೆಲ್, 10ಡಿಇ ಎಂದಿದ್ದರೆ ಎನ್‌ವಿಡಿಯಾ, 1002 ಎಂದಿದ್ದರೆ ಎಎಂಡಿ. ಈ ಗುರುತನ್ನು ನೋಡಿಯೇ ಕಾರ್ಯಾಚರಣೆ ವ್ಯವಸ್ಥೆ ಡ್ರೈವರನ್ನು ಆರಿಸುವುದು. ಪ್ರತಿ ಡ್ರೈವರಿನ ಜೊತೆಗೂ ತಾನು ನೋಡಿಕೊಳ್ಳಬಲ್ಲ ಗುರುತುಗಳ ಪಟ್ಟಿ ಇರುತ್ತದೆ. ಲಿನಕ್ಸ್‌ನಲ್ಲೂ ಇದೇ ಪದ್ಧತಿ. ಡಬ್ಬದ ಮೇಲೆ ಅಚ್ಚಾದ ಹೆಸರನ್ನು ಯಾರೂ ನೋಡುವುದಿಲ್ಲ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ಪುಗಳು ಮಾರಾಟವಾಗುವುದುಂಟು. ಅದಕ್ಕೇ ಈ ಗುರುತನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 3: ಮಾನಿಟರ್ ಏನು ಹೇಳಿತು?

ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ಮಾನಿಟರಿಗೆ ಚಿತ್ರ ಕಳಿಸುವ ವಿಜಿಎ ಪದ್ಧತಿ ತಂದಾಗ, ಮಾನಿಟರಿಗೆ ತನ್ನ ಬಗ್ಗೆ ವಿವರವಾಗಿ ಹೇಳಿಕೊಳ್ಳುವ ದಾರಿ ಇರಲಿಲ್ಲ. ಯಾವ ರೆಸಲ್ಯೂಷನ್ ಆಗುತ್ತದೆ ಅಂತ ಬಳಸುವವರೇ ಕೈಪಿಡಿ ನೋಡಿ ಹಾಕಬೇಕಿತ್ತು. 1994ರಲ್ಲಿ ವೆಸಾ ಸಂಸ್ಥೆ ಇದಕ್ಕೊಂದು ಮಾನದಂಡ ತಂದಿತು. ಮಾನಿಟರಿನೊಳಗೆ ಒಂದು ಪುಟ್ಟ ಮೆಮೊರಿ ಚಿಪ್, ಅದರಲ್ಲಿ 128 ಬೈಟಿನ ಪರಿಚಯ ಪತ್ರ. ಅದರ ಹೆಸರು ಇಡಿಐಡಿ. ಇವತ್ತಿನ ಎಚ್‌ಡಿಎಂಐ ಟೀವಿಯಲ್ಲೂ ಇದೇ ಇದೆ, ಜೊತೆಗೆ ಇನ್ನಷ್ಟು ಪುಟಗಳು ಸೇರಿಕೊಂಡಿವೆ.

ಕೇಬಲ್ ಸಿಕ್ಕಿಸಿದ ಕೂಡಲೇ ಒಂದು ಪಿನ್ ಮೂಲಕ 'ನಾನು ಬಂದೆ' ಎಂಬ ಸೂಚನೆ ಹೋಗುತ್ತದೆ. ಡ್ರೈವರ್ ಆಗ ಕೇಬಲ್ಲಿನೊಳಗಿನ ಎರಡು ಸಣ್ಣ ತಂತಿಗಳ ಮೂಲಕ ಈ ಪತ್ರವನ್ನು ಓದುತ್ತದೆ. ಚಿತ್ರ ಹೋಗುವ ತಂತಿಗಳೇ ಬೇರೆ, ಇವೇ ಬೇರೆ. ಇದನ್ನು ನೆನಪಿಡಿ. ಚಿತ್ರ ಬರುತ್ತಿದೆ ಅಂದಮಾತ್ರಕ್ಕೆ ಪತ್ರ ತಲುಪಿದೆ ಎಂದಲ್ಲ.

ಪತ್ರದಲ್ಲಿ ತಯಾರಕರ ಮೂರಕ್ಷರದ ಗುರುತು, ತಯಾರಾದ ವರ್ಷ, ಪರದೆಯ ಅಳತೆ, ಅದಕ್ಕೆ ಒಗ್ಗುವ ರೆಸಲ್ಯೂಷನ್‌ಗಳು, ಅವುಗಳಲ್ಲಿ ತನಗೆ ಬೇಕಾದದ್ದು ಯಾವುದು, ಎಲ್ಲ ಇರುತ್ತದೆ. ಕೊನೆಯ ಬೈಟ್ ಇರುವುದು ತಾಳೆ ನೋಡುವುದಕ್ಕೆ. 128 ಬೈಟುಗಳನ್ನೂ ಕೂಡಿಸಿದರೆ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ಆಗದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ.

ಪತ್ರ ಬರಲೇ ಇಲ್ಲ ಅಂದುಕೊಳ್ಳಿ. ಆಗ ಡ್ರೈವರ್ ಯಾವ ಮಾನಿಟರಿಗೂ ತೊಂದರೆಯಾಗದ ಸಣ್ಣ ರೆಸಲ್ಯೂಷನ್‌ಗಳನ್ನಷ್ಟೇ ಕೊಡುತ್ತದೆ. ಲಿನಕ್ಸ್‌ನಲ್ಲಿ ಆ ಮಿತಿ 1024×768. ಹಾಗಾಗಿ ಪಟ್ಟಿ 1024×768ಕ್ಕೆ ನಿಂತಿದ್ದರೆ ನಾನು ಡ್ರೈವರಿನ ತಂಟೆಗೇ ಹೋಗುವುದಿಲ್ಲ. ಪತ್ರ ಎಲ್ಲಿ ಕಳೆದುಹೋಯಿತು ಅಂತ ಹುಡುಕುತ್ತೇನೆ.

ನೀವು ನೋಡುವುದು ಹೇಗೆ? ವಿಂಡೋಸ್ ಡಿವೈಸ್ ಮ್ಯಾನೇಜರಿನಲ್ಲಿ 'ಮಾನಿಟರ್ಸ್' ಬಿಡಿಸಿ. 'ಜೆನೆರಿಕ್ ಪಿಎನ್‌ಪಿ ಮಾನಿಟರ್' ಎಂದೋ ಮಾನಿಟರಿನ ಸ್ವಂತ ಹೆಸರೋ ಇದ್ದರೆ ಪತ್ರ ತಲುಪಿದೆ. 'ನಾನ್-ಪಿಎನ್‌ಪಿ' ಎಂದಿದ್ದರೆ ತಲುಪಿಲ್ಲ. ಇದೊಂದು ಸಾಲು ನೋಡಿದರೆ ಅರ್ಧ ದಿನ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಸಿಸ್ ಫೋಲ್ಡರಿನ ಕ್ಲಾಸ್, ಅದರೊಳಗೆ ಡಿಆರ್‌ಎಂ ಎಂಬಲ್ಲಿ ಪ್ರತಿ ಪೋರ್ಟಿಗೂ ಒಂದು ಇಡಿಐಡಿ ಫೈಲ್ ಇರುತ್ತದೆ. ತೆರೆದು ಓದಿದಾಗ ಖಾಲಿ ಬಂದರೆ ಪತ್ರ ಬಂದಿಲ್ಲ. ಬಂದಿದ್ದರೆ 'ಇಡಿಐಡಿ-ಡಿಕೋಡ್' ಎಂಬ ಸಣ್ಣ ಪ್ರೋಗ್ರಾಮ್ ಅದನ್ನು ಬಿಡಿಸಿ ತೋರಿಸುತ್ತದೆ.

ಪತ್ರ ಬಂದಿಲ್ಲವೇ? ನಡುವೆ ಇರುವುದನ್ನೆಲ್ಲ ತೆಗೆಯಿರಿ. ಎರಡು ಕಂಪ್ಯೂಟರಿಗೆ ಒಂದೇ ಮಾನಿಟರ್ ಹಂಚುವ ಸ್ವಿಚ್ಚು, ಸ್ಪ್ಲಿಟರ್, ಅಡಾಪ್ಟರ್, ಯಾವುದೂ ಬೇಡ. ಕಂಪ್ಯೂಟರಿನಿಂದ ಮಾನಿಟರಿಗೆ ಒಂದೇ ಕೇಬಲ್ ಹಾಕಿ ನೋಡಿ. ಅಗ್ಗದ ಸ್ವಿಚ್ಚುಗಳು ಮಾನಿಟರಿನ ಪತ್ರವನ್ನು ದಾಟಿಸದೆ ತಮ್ಮದೇ ಹಳೆಯ ಪತ್ರವೊಂದನ್ನು ಕೊಟ್ಟುಬಿಡುತ್ತವೆ. ಹಳೆಯ ವಿಜಿಎ ಕೇಬಲ್ಲುಗಳಲ್ಲಿ ಇನ್ನೊಂದು ಮೋಸ ಇದೆ. ಪತ್ರ ಹೋಗುವುದು 12 ಮತ್ತು 15ನೇ ಪಿನ್ನುಗಳಲ್ಲಿ. ಕೆಲವು ಕೇಬಲ್ಲುಗಳಲ್ಲಿ ಆ ತಂತಿಗಳನ್ನೇ ಹಾಕಿರುವುದಿಲ್ಲ. ಚಿತ್ರ ಚೆನ್ನಾಗಿ ಬರುತ್ತದೆ, ಡ್ರೈವರ್ ಮಾತ್ರ ಕುರುಡಾಗಿರುತ್ತದೆ. ಕೇಬಲ್ ಬದಲಿಸುವುದೇ ಪರಿಹಾರ. ಮಾನಿಟರಿನ ಪವರ್ ತಂತಿಯನ್ನು ಗೋಡೆಯಿಂದ ತೆಗೆದು ಒಂದು ನಿಮಿಷ ಬಿಟ್ಟು ಹಾಕುವುದೂ ಕೆಲವೊಮ್ಮೆ ಸಾಕಾಗುತ್ತದೆ.

ಪತ್ರ ಬಂದಿದೆ, ಆದರೂ 4ಕೆಯಲ್ಲಿ 30 ಹರ್ಟ್ಸ್ ಮಾತ್ರ. ಟೀವಿಗಳಲ್ಲಿ ಇದು ಜಾಸ್ತಿ. ಹಳೆಯ ಯಂತ್ರಗಳಿಗೆ ತೊಂದರೆಯಾಗದಿರಲಿ ಅಂತ ಎಷ್ಟೋ ಟೀವಿಗಳು ಮೊದಲಿಗೆ ಹಳೆಯ ಕಾಲದ ಪತ್ರವನ್ನೇ ಕೊಡುತ್ತವೆ. ಟೀವಿಯ ಮೆನುವಿನಲ್ಲಿ ಆ ಪೋರ್ಟಿಗೆ 'ಎನ್‌ಹಾನ್ಸ್ಡ್', 'ಯುಎಚ್‌ಡಿ ಕಲರ್', 'ಡೀಪ್ ಕಲರ್' ಇಂಥ ಯಾವುದೋ ಹೆಸರಿನ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿದರೆ ಟೀವಿ ಹೊಸ ಪತ್ರ ಕೊಡುತ್ತದೆ, 60 ಹರ್ಟ್ಸ್ ತಾನಾಗಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ. ಕೆಲವು ಟೀವಿಗಳಲ್ಲಿ ಎಲ್ಲ ಪೋರ್ಟುಗಳಿಗೂ ಈ ಯೋಗ್ಯತೆ ಇರುವುದಿಲ್ಲ, ಕೈಪಿಡಿ ನೋಡಿ.

ಇನ್ನೊಂದು ಮಾತು. ಡ್ರೈವರಿನ ಪ್ಯಾನೆಲ್ಲಿನಲ್ಲಿ 'ಕಸ್ಟಮ್ ರೆಸಲ್ಯೂಷನ್' ಅಂತ ಇರುತ್ತದೆ. ಪತ್ರ ಬರದಿದ್ದಾಗ ಅದನ್ನು ಬಳಸಿ ಒತ್ತಾಯದಿಂದ ಚಿತ್ರ ತರಿಸಿಕೊಳ್ಳಬಹುದು. ಮಾಡಬೇಡಿ. ಇವತ್ತು ಕೆಲಸ ಆಗುತ್ತದೆ, ನಾಳೆ ಡ್ರೈವರ್ ಅಪ್‌ಡೇಟ್ ಆದ ಮೇಲೆ ಕಪ್ಪು ಪರದೆ ನೋಡುತ್ತಾ ಕೂರಬೇಕಾಗಬಹುದು.

ಹಂತ 4: ಕೇಬಲ್ಲಿನಲ್ಲಿ ಅಷ್ಟು ಜಾಗ ಇದೆಯೇ?

ಇದಕ್ಕೆ ಸಣ್ಣ ಲೆಕ್ಕ ಸಾಕು. 4ಕೆ ಅಂದರೆ ಕಾಣುವುದು 3840×2160. ಆದರೆ ಕೇಬಲ್ಲಿನಲ್ಲಿ ಹೋಗುವುದು 4400×2250. ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಕಿರಣವು ಒಂದು ಗೆರೆ ಮುಗಿಸಿ ಹಿಂದಕ್ಕೆ ಬರಲು ಸಮಯ ಬೇಕಿತ್ತು. ಆ ಖಾಲಿ ಜಾಗ ಮಾನದಂಡದಲ್ಲಿ ಹಾಗೇ ಉಳಿಯಿತು. ಎಚ್‌ಡಿಎಂಐ ಈಗ ಆ ಜಾಗದಲ್ಲೇ ಧ್ವನಿಯನ್ನು ಕಳಿಸುತ್ತದೆ. ಎಷ್ಟು ಚೆನ್ನಾದ ಉಪಯೋಗ ಅಲ್ವಾ?

4400×2250 ಅನ್ನು 60ರಿಂದ ಗುಣಿಸಿದರೆ ಸೆಕೆಂಡಿಗೆ 59.4 ಕೋಟಿ ಪಿಕ್ಸೆಲ್. ಒಂದಕ್ಕೆ 24 ಬಿಟ್. ತಂತಿಯಲ್ಲಿ ಕಳಿಸುವಾಗ ಪ್ರತಿ 8 ಬಿಟ್ಟಿಗೆ 10 ಬಿಟ್ ಬೇಕಾಗುವುದರಿಂದ ಅದು 30 ಆಗುತ್ತದೆ. ಒಟ್ಟು ಸೆಕೆಂಡಿಗೆ 17.82 ಗಿಗಾಬಿಟ್. 2009ರ ಎಚ್‌ಡಿಎಂಐ 1.4ರ ಮಿತಿ 10.2, 2013ರ 2.0ರ ಮಿತಿ 18. ಅಂದರೆ 4ಕೆ 60 ಹರ್ಟ್ಸ್ 1.4ರಲ್ಲಿ ಹಿಡಿಸುವುದಿಲ್ಲ, 2.0ರಲ್ಲಿ ಕೂದಲೆಳೆಯಲ್ಲಿ ಹಿಡಿಸುತ್ತದೆ. 30 ಹರ್ಟ್ಸ್ ಆದರೆ 8.91 ಸಾಕು, ಅದಕ್ಕೇ ಹಳೆಯ ಪೋರ್ಟಿನಲ್ಲಿ 30 ಮಾತ್ರ ಸಿಗುವುದು.

ಡ್ರೈವರಿಗೆ ತನ್ನ ಪೋರ್ಟ್ ಗೊತ್ತು, ಮಾನಿಟರಿನ ಪತ್ರ ಗೊತ್ತು. ಎಚ್‌ಡಿಎಂಐ 2.0ರ ತನಕ ಕೇಬಲ್ಲಿನ ಗುಣ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ತಾಳುತ್ತದೆ ಅಂದುಕೊಂಡು ಕಳಿಸುತ್ತದೆ. ತಾಳದಿದ್ದರೆ ಪರದೆಯ ಮೇಲೆ ಚುಕ್ಕಿಗಳು ಮಿಣುಕುತ್ತವೆ, ಇಲ್ಲವೇ ಚಿತ್ರ ಆಗಾಗ ಒಂದೆರಡು ಸೆಕೆಂಡ್ ಮಾಯವಾಗುತ್ತದೆ. ಚಿತ್ರ ಕಳಿಸುವ ಇನ್ನೊಂದು ಬಗೆಯ ಪೋರ್ಟಾದ ಡಿಸ್‌ಪ್ಲೇಪೋರ್ಟ್ ಹಾಗಲ್ಲ. ಅದು ಶುರುವಿನಲ್ಲೇ ಎರಡೂ ತುದಿಗಳ ನಡುವೆ ಪರೀಕ್ಷೆ ನಡೆಸಿ, ತಂತಿ ಸರಿಯಿಲ್ಲದಿದ್ದರೆ ವೇಗ ಇಳಿಸಿಕೊಳ್ಳುತ್ತದೆ. ಎರಡೂ ಇರುವ ಮಾನಿಟರ್ ಆದರೆ ನಾನು ಯಾವಾಗಲೂ ಡಿಸ್‌ಪ್ಲೇಪೋರ್ಟೇ ಹಾಕುತ್ತೇನೆ. ನೀವೂ ಹಾಗೇ ಮಾಡಿ.

ಎಚ್‌ಡಿಎಂಐ ಕೇಬಲ್ ಕೊಳ್ಳುವಾಗ '2.0 ಕೇಬಲ್', '2.1 ಕೇಬಲ್' ಎಂಬ ಬರಹಕ್ಕೆ ಮರುಳಾಗಬೇಡಿ. ಕೇಬಲ್ಲಿನ ಅಧಿಕೃತ ಹೆಸರುಗಳು ಬೇರೆ. 18 ಗಿಗಾಬಿಟ್ಟಿಗೆ 'ಪ್ರೀಮಿಯಂ ಹೈ ಸ್ಪೀಡ್', 48 ಗಿಗಾಬಿಟ್ಟಿಗೆ 'ಅಲ್ಟ್ರಾ ಹೈ ಸ್ಪೀಡ್'. ಚಿನ್ನದ ಲೇಪನ ಇದ್ದರೂ ಇಲ್ಲದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇಲ್ಲೊಂದು ಅಡ್ಡದಾರಿಯ ಬಗ್ಗೆ ಎಚ್ಚರಿಕೆ. ಜಾಗ ಸಾಲದಿದ್ದಾಗ ಕೆಲವು ಸಲ ಡ್ರೈವರ್ 4:2:0 ಎಂಬ ವಿಧಾನಕ್ಕೆ ಇಳಿಯುತ್ತದೆ. ಬೆಳಕಿನ ವಿವರ ಪ್ರತಿ ಪಿಕ್ಸೆಲ್ಲಿಗೂ ಹೋಗುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದೇ. ಸಿನಿಮಾ ನೋಡಲು ಏನೂ ತೊಂದರೆ ಇಲ್ಲ. ಆದರೆ ಕಪ್ಪಿನ ಮೇಲೆ ಕೆಂಪು ಅಕ್ಷರ ಓದಿ ನೋಡಿ, ಅಂಚು ಕಲೆಸಿಹೋಗಿರುತ್ತದೆ. ಅಕ್ಷರದ ಕೆಲಸ ಮಾಡುವವರು ಡ್ರೈವರ್ ಪ್ಯಾನೆಲ್ಲಿನಲ್ಲಿ ಪ್ರತಿ ಪಿಕ್ಸೆಲ್ಲಿಗೂ ಬಣ್ಣ ಕಳಿಸುವ ಆರ್‌ಜಿಬಿ ಅಥವಾ 4:4:4 ಆರಿಸಲೇಬೇಕು.

ಹಂತ 5: ಬಣ್ಣ, ಅಂಚು

ಕಪ್ಪು ಬೂದಿಯಂತೆ ಕಂಡರೆ ಅಥವಾ ನೆರಳುಗಳೆಲ್ಲ ಒಂದೇ ಕಪ್ಪಾಗಿದ್ದರೆ ರೇಂಜ್ ಹೊಂದಿಲ್ಲ. ಟೀವಿ ಪದ್ಧತಿಯಲ್ಲಿ ಕಪ್ಪಿನಿಂದ ಬಿಳಿಗೆ 16ರಿಂದ 235, ಕಂಪ್ಯೂಟರಿನದ್ದು 0ಯಿಂದ 255. ಎರಡೂ ಕಡೆ ಒಂದೇ ಇರಲಿ. ಮಾನಿಟರ್ ಆದರೆ 'ಫುಲ್' ಇಡಿ.

ಟೀವಿಯಲ್ಲಿ ಅಂಚು ಕತ್ತರಿಸಿದಂತಿದ್ದರೆ ಟೀವಿಯ ಮೆನುವಿನಲ್ಲೇ ಓವರ್‌ಸ್ಕ್ಯಾನ್ (ಚಿತ್ರವನ್ನು ಹಿಗ್ಗಿಸಿ ಅಂಚು ಕತ್ತರಿಸುವುದು) ಆಫ್ ಮಾಡಿ. ಡ್ರೈವರಿನಲ್ಲಿ ಚಿತ್ರ ಕುಗ್ಗಿಸಿ ಸರಿಮಾಡಲು ಹೋದರೆ ಅಕ್ಷರ ಮಬ್ಬಾಗುತ್ತದೆ. 60ರ ಪಕ್ಕ 59.94 ಕಂಡರೆ ಗಾಬರಿಯಾಗಬೇಡಿ. ಅಮೆರಿಕದಲ್ಲಿ 1953ರಲ್ಲಿ ಕಪ್ಪುಬಿಳುಪು ಟೀವಿ ಪದ್ಧತಿಗೆ ಬಣ್ಣ ಸೇರಿಸುವಾಗ ವೇಗವನ್ನು ಚೂರು ಇಳಿಸಿದ್ದರು, ಆ ಸಂಖ್ಯೆ ಇನ್ನೂ ನಡೆದುಕೊಂಡು ಬಂದಿದೆ.

ಹಂತ 6: ಈಗ ಡ್ರೈವರ್

ಇಲ್ಲಿ ತನಕ ಎಲ್ಲ ಸರಿಯಿದ್ದೂ ಚಿತ್ರ ಸರಿಯಿಲ್ಲ, ಇಲ್ಲವೇ ಹಂತ 2ರಲ್ಲಿ ಬೇಸಿಕ್ ಡ್ರೈವರ್ ಕಂಡಿತ್ತು ಎಂದಾದರೆ ಮಾತ್ರ ಮುಂದುವರಿಯಿರಿ. ನಿನ್ನೆ ಸರಿಯಿದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಡಿವೈಸ್ ಮ್ಯಾನೇಜರಿನ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಅಷ್ಟೇ ಸಾಕಾಗಬಹುದು.

ಹೊಸದು ಹಾಕಲೇಬೇಕಾದರೆ ಲ್ಯಾಪ್‌ಟಾಪಿಗೆ ಮೊದಲು ಲ್ಯಾಪ್‌ಟಾಪ್ ತಯಾರಕರ ತಾಣ ನೋಡಿ, ಡೆಸ್ಕ್‌ಟಾಪಿಗೆ ಚಿಪ್ ತಯಾರಕರದ್ದು. 'ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಹೊಸದು ಮಾಡುತ್ತೇವೆ' ಎನ್ನುವ ಪ್ರೋಗ್ರಾಮುಗಳನ್ನು ದಯವಿಟ್ಟು ಹಾಕಬೇಡಿ. ಡ್ರೈವರ್ ಕರ್ನೆಲ್, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನ ಒಳಗೆ ಕೂತು ಕೆಲಸ ಮಾಡುತ್ತದೆ. ಅಲ್ಲಿಗೆ ಗುರುತು ಪರಿಚಯ ಇಲ್ಲದವರನ್ನು ಬಿಡುವುದು ಅಪಾಯ.

ಮೊದಲು ಹೊಸ ಡ್ರೈವರ್ ಇಳಿಸಿಟ್ಟುಕೊಳ್ಳಿ. ಆಮೇಲೆ ಇಂಟರ್‌ನೆಟ್ ಸಂಪರ್ಕ ಕಡಿಯಿರಿ, ಇಲ್ಲದಿದ್ದರೆ ನೀವು ಹಳೆಯದನ್ನು ತೆಗೆದ ತಕ್ಷಣ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ್ದನ್ನು ತಂದು ಕೂರಿಸಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್ ಒತ್ತುವಾಗ ಡ್ರೈವರ್ ಫೈಲುಗಳನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಿ. ಆ ಚೌಕ ಮರೆತರೆ ರೀಸ್ಟಾರ್ಟ್ ಆದಾಗ ಹಳೆಯದೇ ವಾಪಸ್ ಬರುತ್ತದೆ, ನೀವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ. ರೀಸ್ಟಾರ್ಟ್ ಮಾಡಿ, ಹೊಸದನ್ನು ಹಾಕಿ, 'ಕ್ಲೀನ್ ಇನ್‌ಸ್ಟಾಲ್' ಇದ್ದರೆ ಅದನ್ನೇ ಆರಿಸಿ. ಸೇಫ್ ಮೋಡಿನಲ್ಲಿ ಪೂರ್ತಿ ಗುಡಿಸುವ ಡಿಡಿಯು ಎಂಬ ಪ್ರೋಗ್ರಾಮ್ ಇದೆ. ಇದೂ ಫಲಿಸದಿದ್ದಾಗ ಮಾತ್ರ ಅದನ್ನು ಬಳಸಿ.

ಲಿನಕ್ಸ್‌ನಲ್ಲಿ ಇಂಟೆಲ್ ಮತ್ತು ಎಎಂಡಿ ಡ್ರೈವರುಗಳು ಕರ್ನೆಲ್ ಜೊತೆಗೇ ಬರುತ್ತವೆ. ಎನ್‌ವಿಡಿಯಾ ಆದರೆ ನಿಮ್ಮ ಡಿಸ್ಟ್ರಿಬ್ಯೂಷನ್ ಕೊಡುವ ಪ್ಯಾಕೇಜನ್ನೇ ಹಾಕಿ. ತಾಣದಿಂದ ನೇರವಾಗಿ ಇಳಿಸಿ ಹಾಕಿದ್ದು ಮುಂದಿನ ಕರ್ನೆಲ್ ಅಪ್‌ಡೇಟಿಗೆ ಮುರಿಯಬಹುದು. ಹಾಕಿಯೂ ಓಡದಿದ್ದರೆ ಸೆಕ್ಯೂರ್ ಬೂಟ್ ನೋಡಿ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ.

ಕೆಲಸ ಮಾಡುತ್ತಿರುವಾಗ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂದರೆ ಅದು ಬೇರೆ ಸಂಗತಿ. ಚಿಪ್ಪು 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ತಾನೇ ಮತ್ತೆ ಶುರು ಮಾಡುತ್ತದೆ. ಪರದೆ ಕಪ್ಪಾಗಿಯೇ ಉಳಿದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿ. ತೆರೆದಿಟ್ಟ ಕೆಲಸ ಉಳಿಯುವ ಸಾಧ್ಯತೆ ಹೆಚ್ಚು.

ಹಂತ 7: ಖಚಿತ ಮಾಡಿಕೊಳ್ಳಿ

ಸೆಟ್ಟಿಂಗ್ಸ್‌ನಲ್ಲಿ 'ಅಡ್ವಾನ್ಸ್ಡ್ ಡಿಸ್‌ಪ್ಲೇ' ತೆರೆಯಿರಿ. ಡೆಸ್ಕ್‌ಟಾಪಿನ ರೆಸಲ್ಯೂಷನ್ ಮತ್ತು ಮಾನಿಟರಿಗೆ ನಿಜವಾಗಿ ಹೋಗುತ್ತಿರುವ ಸಿಗ್ನಲ್ಲಿನ ರೆಸಲ್ಯೂಷನ್ ಅಲ್ಲಿ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಎರಡೂ ಒಂದೇ ಇರಬೇಕು. ಬೇರೆ ಇದ್ದರೆ ನಡುವೆ ಯಾರೋ ಚಿತ್ರವನ್ನು ಹಿಗ್ಗಿಸುತ್ತಿದ್ದಾರೆ, ಮಬ್ಬಿಗೆ ಅದೇ ಕಾರಣ. ಎಲ್ಲ ಸರಿಯಾದ ಮೇಲೆ ಆ ಪುಟದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಅಪ್‌ಡೇಟ್ ಆದ ಮೇಲೆ ಏನಾದರೂ ಬದಲಾದರೆ, ಯಾವ ಸಾಲು ಬದಲಾಯಿತು ಅಂತ ಹೋಲಿಸಿ ನೋಡಲು ಅದು ಬೇಕಾಗುತ್ತದೆ.