ಪಾರಿಜಾತ ಮೇಳಕ್ಕ ಅನುದಾನ ತಂದದ್ದು ಹೆಂಗ: ನನ್ನ ಅನುಭವ

ಮುಧೋಳ ತಾಲೂಕಿನ ನಮ್ಮೂರಾಗ ಶ್ರೀಕೃಷ್ಣ ಪಾರಿಜಾತ, ಅಂದ್ರ ಕೃಷ್ಣ-ಸತ್ಯಭಾಮಾರ ಕಥಿಯ ಜನಪದ ಆಟ, ಆಡೂ ಒಂದು ಮೇಳ ಐತಿ, ಅದರ ಸಂಘಕ್ಕ ನಾ ಕಾರ್ಯದರ್ಶಿ. ಕಾರ್ಯದರ್ಶಿ ಅಂದ್ರ ದೊಡ್ಡ ಹುದ್ದೆ ಏನಲ್ರಿ, ಝೆರಾಕ್ಸ್ ಮಾಡಸೂದು, ಸಹಿ ಹಾಕಸೂದು, ಪೇಟಿ (ಹಾರ್ಮೋನಿಯಂ) ಮಾಸ್ತರ ಸಿಟ್ಟಾದ್ರ ಚಾ ಕುಡಿಸಿ ಕರ್ಕೊಂಡ ಬರೂದು. ಸುತ್ತಲಿನ ಭಜನಾ ಮಂಡಳಿಯವ್ರು, ಡೊಳ್ಳಿನ ಸಂಘದವ್ರು ‘ನೀವು ಅನುದಾನ ಹೆಂಗ ತಂದ್ರಿ’ ಅಂತ ಫೋನ್ ಮಾಡ್ತನ ಇರ್ತಾರ, ಅದಕ್ಕ ಒಮ್ಮೆ ಬರದ ಇಡ್ತೀನಿ.

ಮೊದಲ ಇದೊಂದು ತಿಳ್ಕೋರಿ, ಅನುದಾನ ಬರ್ತೈತಿ ಅಂತ ಹೊಸ ಕಾರ್ಯಕ್ರಮ ಹುಟ್ಟಸಾಕ ಹೋಗಬ್ಯಾಡ್ರಿ. ರೊಕ್ಕ ಬರೂದು ಆಟ ಮುಗದ ಎಷ್ಟೋ ದಿನಕ್ಕ, ಅಲ್ಲೀತನ ಪೆಂಡಾಲದವ ಕಾಯ್ತಾನೇನ್ರಿ? ನಾವು ಜಾತ್ರಿಗೆ ಹೆಂಗೂ ಊರಾಗ ಪಟ್ಟಿ (ವಂತಿಗೆ) ಎತ್ತಿ ಆಟ ಆಡಸಾವ್ರು, ಆ ಆಟಕ್ಕನ ಅರ್ಜಿ ಹಾಕಿದ್ವಿ. ಬಂದ್ರ ಬಂತು, ಬರಲಿಲ್ಲಂದ್ರೂ ಸತ್ಯಭಾಮಾ ಬಣ್ಣ ಹಚ್ಚಾಕೇ.

ಸಂಘ ನೋಂದಣಿ ಆಗೂದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ, ಕಮ್ಮಿ ಅಂದ್ರೂ 7 ಮಂದಿ ಬೇಕು. ಇಲ್ಲಿ ಲಕ್ಷ್ಯ ಕೊಡೂದು ಬೈಲಾ, ಅಂದ್ರ ಸಂಘದ ಉದ್ದೇಶ, ನಿಯಮ ಬರದ ಪತ್ರದ ಕಡೆ. ಬರೇ ‘ಕಲಾ ಸೇವೆ’ ಅಂತ ಬರದ್ರ ನಾಳೆ ಮಕ್ಕಳಿಗೆ ತರಬೇತಿ ಕೊಡ್ತೀವಿ ಅಂದಾಗ ‘ನಿಮ್ಮ ಉದ್ದೇಶದಾಗ ಇದು ಇಲ್ಲಲ್ಲ’ ಅಂತಾರ, ಅದಕ್ಕ ಪ್ರದರ್ಶನ, ತರಬೇತಿ, ದಾಖಲೀಕರಣ, ಗ್ರಂಥಾಲಯ ಎಲ್ಲಾ ಬರಸಿದ್ವಿ, ಸಂಘ ಮುಚ್ಚಿದ್ರ ಆಸ್ತಿ ಇಂಥದ್ದೇ ಬ್ಯಾರೆ ಸಂಘಕ್ಕ ಹೋಗ್ತೈತಿ ಅಂತನೂ ಬರಸಿದ್ವಿ, ಇನ್‌ಕಮ್ ಟ್ಯಾಕ್ಸ್‌ದವ್ರು ಅದನ್ನ ನೋಡ್ತಾರ. ಆಮ್ಯಾಲೆ ಸಂಘದ ಹೆಸರಿಲೆ ಪ್ಯಾನ್, ಬ್ಯಾಂಕ್ ಖಾತೆ, ನೀತಿ ಆಯೋಗದ ಎನ್‌ಜಿಒ ದರ್ಪಣ (ಸಂಘ-ಸಂಸ್ಥೆ ಹೆಸರು ನೋಂದಸೂ ವೆಬ್‌ಸೈಟ್) ನಂಬರ್. ವರ್ಷಾ ವರ್ಷಾ ಕಮಿಟಿ ಪಟ್ಟಿ, ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರ್ ಆಫೀಸಿಗೆ ಕೊಡೂದು ಐತಿ, ಭಾಳ ಸಂಘ ಸಾಯೂದು ಇಲ್ಲೇ ನೋಡ್ರಿ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಧನಸಹಾಯಕ್ಕ ಅರ್ಜಿ ಸೇವಾ ಸಿಂಧು ಅನ್ನೂ ರಾಜ್ಯ ಸರಕಾರದ ವೆಬ್‌ಸೈಟಿನ್ಯಾಗ ಹಾಕಿದ್ವಿ. ಆಡಿಟ್ ರಿಪೋರ್ಟ್, ಫೋಟೋ, ಪೇಪರ್ ಕಟಿಂಗ್, ಕರಪತ್ರ ಹಚ್ಚಬೇಕು. ಕರಪತ್ರದಾಗ ತಾರೀಖು, ಜಾಗ, ಸಂಘದ ಪೂರಾ ಹೆಸರು ಇರಲಿ, ನೋಂದಣಿ ಪತ್ರದಾಗ ಹೆಂಗ ಐತೋ ಹಂಗ.

ಈಗ ನಿಜವಾದ ತಲಿನೋವು, ಬಿಲ್. ತಾಳ ಹಿಡಿಯೂ ಅಜ್ಜನ್ನ ಜಿಎಸ್‌ಟಿ ಬಿಲ್ ಕೇಳಿದ್ರ ನಿಮ್ಮ ಮಾರೀನ ನೋಡ್ತಾನ ಅವ. ನಾವು ವೋಚರ್ ಪುಸ್ತಕ ಅಚ್ಚ ಹಾಕಸಿದ್ವಿ. ಹೆಸರು, ಊರು, ಯಾವ ಪಾತ್ರ, ಯಾವ ದಿನ, ಎಷ್ಟು ರೊಕ್ಕ, ಸಹಿ ಇಲ್ಲಾ ಹೆಬ್ಬೆಟ್ಟು. 5,000 ದಾಟಿದ್ರ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮ್ಯಾಲೆ ಸಹಿ. ಒಬ್ಬರಿಗೆ ಒಂದ ದಿನಕ್ಕ 10,000ಕ್ಕಿಂತ ಜಾಸ್ತಿ ನಗದು ಕೊಟ್ರ ಟ್ಯಾಕ್ಸ್ ಲೆಕ್ಕದಾಗ ಆ ಖರ್ಚು ಹಿಡಿಯಂಗಿಲ್ಲ, ಸೌಂಡ್‌ದವ್ರಿಗೆ, ಪೆಂಡಾಲಿಗೆ ನಾವು ಬ್ಯಾಂಕಿನಿಂದನ ಹಾಕೂದು. ಸಂಭಾವನಿ ಕೊಡೂದು ಆಟಕ್ಕಿಂತ ಮೊದಲನ, ಬಣ್ಣ ಹಚ್ಚೂ ಜಾಗಾದಾಗ, ಯಾಕಂದ್ರ ಬೆಳತನ ಆಡಿ ನಿದ್ದಿಗಣ್ಣಾಗ ಇದ್ದಾವ್ರು ಸಹಿ ಹಾಕದನ ಬಸ್ ಹತ್ತಿ ಹೋಗಿಬಿಡ್ತಾರ. ಮಾಸ್ತರ ಮೊದಲ ಬೈದ್ರು, ಈಗ ಅವರೇ ‘ಪುಸ್ತಕ ತರ್ರಿ’ ಅಂತಾರ.

ಕಂಪನಿ ರೊಕ್ಕದ ದಾರಿ ಬ್ಯಾರೆ. ನಮ್ಮ ಜಿಲ್ಲಾದಾಗ ಸಕ್ಕರಿ ಕಾರ್ಖಾನಿ, ಸಿಮೆಂಟ್ ಕಾರ್ಖಾನಿ ಅದಾವು. 2013ರ ಕಂಪನಿ ಕಾಯ್ದೆ ಪ್ರಕಾರ ಒಂದು ಮಟ್ಟ ದಾಟಿದ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದಾಗ 2% ಸಿಎಸ್‌ಆರ್, ಅಂದ್ರ ಸಮಾಜದ ಕೆಲಸಕ್ಕ ಖರ್ಚು ಮಾಡಬೇಕು, ತನ್ನ ಸುತ್ತಲಿನ ಊರಿಗೆ ಮೊದಲ ಆದ್ಯತೆ. ಕಾಯ್ದೆದ ಪಟ್ಟಿದಾಗ ಪಾರಂಪರಿಕ ಕಲಾನೂ ಐತಿ. ಆದ್ರ ಒಂದ ರಾತ್ರಿಯ ಆಟಕ್ಕ ಕೊಡ್ರಿ ಅಂದ್ರ ಕಷ್ಟ, ಒಮ್ಮೆ ಆಗಿ ಹೋಗೂ ಕಾರ್ಯಕ್ರಮ ಸಿಎಸ್‌ಆರ್ ಲೆಕ್ಕಕ್ಕ ಬರೂದಿಲ್ಲ ಅಂತ 2014ರ ಸರಕಾರದ ಸುತ್ತೋಲೆದಾಗನ ಇತ್ತು. ಅದಕ್ಕ ನಾವು ಆಟ ಇಲಾಖೆಗೆ ಬಿಟ್ವಿ, ಕಂಪನಿಗೆ ವರ್ಷಪೂರ್ತಿ ಸಾಲಿ ಹುಡುಗ್ರಿಗೆ ಪಾರಿಜಾತದ ಹಾಡು, ಮಾತು ಕಲಸೂ ಯೋಜನೆ ಕೊಟ್ವಿ. ಕೌಜಲಗಿ ನಿಂಗಮ್ಮನಂಥ ಪಾರಿಜಾತದ ಕಲಾವಿದೆಯ ಸೀಮಿ ಇದು, ಕಲಸಾಕ ಹಿರೇರು ಇನ್ನೂ ಅದಾರ, ಅವರಿಗೆ ತಿಂಗಳ ಸಂಭಾವನಿ, ಹೊಸ ಪೇಟಿ, ಇಷ್ಟ ಕೇಳಿದ್ದು. ಇದಕ್ಕ 12ಎ, 80ಜಿ ಅನ್ನೂ ಇನ್‌ಕಮ್ ಟ್ಯಾಕ್ಸ್ ನೋಂದಣಿ ಮಾಡಸಿ, ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಾಗ ಸಿಎಸ್‌ಆರ್-1 ಫಾರ್ಮ್ ತುಂಬಿ ನಂಬರ್ ತಗೋಬೇಕು, 2021ರ ಏಪ್ರಿಲ್‌ನಿಂದ ಅದಿಲ್ದ ಸಂಘಕ್ಕ ಕಂಪನಿ ಸಿಎಸ್‌ಆರ್ ಕೆಲಸಾ ಒಪ್ಪಸಂಗಿಲ್ಲ. ಅಂಥದ್ದೇ ಕೆಲಸದಾಗ 3 ವರ್ಷದ ಅನುಭವನೂ ತೋರಸಬೇಕು, ಹಳೇ ವೋಚರ್, ಹಳೇ ಕರಪತ್ರ ಕೆಲಸಕ್ಕ ಬಂದದ್ದು ಅಲ್ಲೇ. ಕೇಳಿದಷ್ಟು ಕೊಡಲಿಲ್ಲ, ಪೇಟಿ ಬಂತು, ಮಾಸ್ತರಿಗೆ ಸಂಭಾವನಿ ಸುರು ಆತು.

ಖರ್ಚಾದ ಮ್ಯಾಲೆ ಯುಸಿ, ಅಂದ್ರ ಹಣ ಬಳಕೆ ಪ್ರಮಾಣ ಪತ್ರ, ಅವರು ಕೇಳೂ ಮೊದಲ ಕೊಟ್ಟಬಿಡ್ರಿ, ಸಿಎ ಸಹಿಗೆ ಕಡೀ ವಾರದಾಗ ಹೋದ್ರ ಅವರ ಆಫೀಸಿನ್ಯಾಗ ನಿಲ್ಲಾಕ ಜಾಗಾ ಇರೂದಿಲ್ಲ.

ಬೈಲಾದ ನಕಲು ಬೇಕಾದವ್ರು ಕೇಳ್ರಿ, ಕೊಡ್ತೀನಿ. ಹೆಸರು ಮಾತ್ರ ಬದಲಿ ಮಾಡ್ಕೋರಿ, ಹೋದ ಸಲ ಒಂದು ಭಜನಾ ಮಂಡಳಿಯವ್ರು ತಮ್ಮ ಬೈಲಾದಾಗ ನಮ್ಮ ಮೇಳದ ಹೆಸರನ ಇಟ್ಟಬಿಟ್ಟಿದ್ರು.